ಕದಲದ ಅಂಕಿ

ಮಾರ್ಚ್ ೪, ಸೋಮವಾರ

ಮತ್ತೆ ಅದೇ ಬೆಂಚು, ಅದೇ ಮಾನಿಟರ್, ಬೆರಳಿಗೆ ಅದೇ ಕ್ಲಿಪ್. ರೋಗಿಯ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಯಂತ್ರ. ಅದರೊಳಗಿನ ಕರ್ನಲ್, ಅಂದರೆ ಎಲ್ಲ ಪ್ರೋಗ್ರಾಂಗಳ ಬುಡದಲ್ಲಿರುವ ಸಾಫ್ಟ್‌ವೇರ್, ಈಗ ನನ್ನ ಪಾಲಿಗೆ ಬಂದಿದೆ. ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತಾರು... ಬದುಕಿರುವವರ ಅಂಕಿ ಒಂದು ಕಡೆ ಕೂರುವುದಿಲ್ಲ.

ಕರ್ನಲ್ಲಿನದು ಬಾಗಿಲು ಕಾಯುವ ಕೆಲಸ. ಪ್ರೋಗ್ರಾಂ ಬಂದು ಮೆಮರಿಯ ಒಂದು ವಿಳಾಸ ಕೊಟ್ಟು, ರೀಡಿಂಗ್ ಇಲ್ಲಿ ಇಡು ಎನ್ನುತ್ತದೆ. ಜಾಗ ಅದರದ್ದೇ ತಾನೇ ಎಂದು ಶುರುವಿನಿಂದ ಕೊನೆಯವರೆಗೂ ನೋಡಬೇಕು. ಅಲ್ಲದಿದ್ದರೆ ಎಕ್ಸೆಪ್ಶನ್ — ಕೆಲಸ ನಿಲ್ಲಿಸಿ ಅಲಾರಂ ಹೊಡೆಯಬೇಕು. ನಮ್ಮ ಕಾವಲುಗಾರ ಶುರುವನ್ನು ಮಾತ್ರ ನೋಡುತ್ತಾನೆ. ಕೊನೆ ಯಾರ ಮನೆಯಲ್ಲಿದ್ದರೂ ಸೈ. ಯಾವ ಪುಣ್ಯಾತ್ಮರು ಬರೆದರೋ.

ಮಾರ್ಚ್ ೫

ರೋಗಿಯ ಹೆಸರು, ರೀಡಿಂಗ್ ಎರಡೂ ಒಂದೇ ಮೂಟೆಯಲ್ಲಿ ಹೋಗುತ್ತವೆ. ಹೆಸರು ಮುಂದೆ, ಅಂಕಿ ಹಿಂದೆ. ಹೆಸರು ಉದ್ದವಾದರೆ ಮೂಟೆಯ ಬಾಲ ಗಡಿ ದಾಟುತ್ತದೆ. ಪರೀಕ್ಷೆಗೆ ಅಪ್ಪನ ಹೆಸರನ್ನೇ ಹಾಕಿದೆ. ಊರು, ಅಜ್ಜ, ಮನೆತನ ಎಲ್ಲ ಸೇರಿ ರೈಲುಬಂಡಿ. ಯಾವ ಅರ್ಜಿಯಲ್ಲೂ ಹಿಡಿಸಿದ್ದಿಲ್ಲ. ನಗುತ್ತಲೇ ಟೈಪ್ ಮಾಡಿದೆ.

ಅಂಕಿ ತೊಂಬತ್ತೇಳಕ್ಕೆ ನಿಂತಿತು. ಅಲಾರಂ ಇಲ್ಲ. ಕ್ಲಿಪ್ ತೆಗೆದೆ. ಬೆರಳಿಲ್ಲ, ಕೈಯಿಲ್ಲ, ಮನುಷ್ಯರೇ ಇಲ್ಲ — ಆದರೂ ತೊಂಬತ್ತೇಳು.

ಮಾರ್ಚ್ ೬

ಕಾವಲುಗಾರ ಬಿಟ್ಟರೂ, ಬಾಲ ಗಡಿ ದಾಟಿದಾಗ ಚಿಪ್ಪಿನಿಂದಲೇ ಎಕ್ಸೆಪ್ಶನ್ ಬರುತ್ತಿದೆ. ಬಂದ ಕೂಡಲೇ ಅದರ ಬಾಯಿ ಮುಚ್ಚಿಸಿದ್ದಾರೆ. ತಪ್ಪು ಸಿಕ್ಕ ಮೇಲೂ ಪ್ರೋಗ್ರಾಮಿಗೆ "ಎಲ್ಲ ಸರಿ" ಎಂಬ ಉತ್ತರ. ಪರದೆ ಹಳೆಯ ಅಂಕಿಯನ್ನೇ ತೋರಿಸುತ್ತಾ ಕೂರುತ್ತದೆ. ಮ್ಯಾನೇಜರಿಗೆ ಹೇಳಿದರೆ, ಅವರಿಗೆ ಗೊತ್ತಿತ್ತು. ಡೆಮೋದಲ್ಲಿ ಮೆಷಿನ್ ಪದೇ ಪದೇ ನಿಲ್ಲುತ್ತಿತ್ತಂತೆ. ಮಾನ ಉಳಿಸಿಕೊಳ್ಳಲು ಹಾಗೆ ಮಾಡಿದ್ದಂತೆ. ತೆಗೆಯುವುದು ಮರೆತೇ ಹೋಯಿತಂತೆ.

"ನಿಂತ್ರೆ ಗಿರಾಕಿ ಬೈತಾರೆ. ನಡೀತಿದ್ರೆ ಯಾರೂ ಕೇಳಲ್ಲ. ಆಸ್ಪತ್ರೆಗಳಿಗೆ ನಾನೇ ತಿಳಿಸ್ತೀನಿ, ನೀವು ರಿಪೇರಿ ನೋಡಿ."

ಎಷ್ಟು ತಣ್ಣಗೆ ಹೇಳಿದರು.

ಮಾರ್ಚ್ ೧೩

ಬರೆಯಲು ಪುರುಸೊತ್ತಿರಲಿಲ್ಲ. ರಿಪೇರಿ ಮುಗಿದಿದೆ; ಕಳಿಸಲು ಮ್ಯಾನೇಜರ ಒಪ್ಪಿಗೆ ಬಾಕಿ. ಕೇಳಿದಾಗಲೆಲ್ಲ "ನಾಳೆ". ಆಸ್ಪತ್ರೆಗಳಿಗೆ ತಿಳಿಸಿದಿರಾ ಎಂದರೆ ಅದಕ್ಕೂ ನಾಳೆ.

ನಿನ್ನೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ವಾರ್ಡಿನ ಊಟವನ್ನು ಬೈಯುತ್ತಿದ್ದಾರೆ, ಅಂದರೆ ಚೆನ್ನಾಗಿದ್ದಾರೆ. ಮಂಚದ ಪಕ್ಕದಲ್ಲಿ ನಮ್ಮದೇ ಮಾನಿಟರ್. ಇದನ್ನು ಬದಲಿಸಿ ಎಂದು ವಾರ್ಡಿನವರನ್ನು ಕೇಳಿದೆ. ಬೇರೆ ಮೆಷಿನ್ ಖಾಲಿ ಇಲ್ಲ ಎಂದರು. ನರ್ಸಮ್ಮನಿಗೆ ವಿಷಯ ಹೇಳಿ, ಹೆಸರಿನ ಜಾಗದಲ್ಲಿ ಹಾಸಿಗೆಯ ನಂಬರ್ ಮಾತ್ರ ಹಾಕಿಸಿದೆ. ನನಗೇನು ಹೆಸರಿಲ್ವಾ ಎಂದು ಅಪ್ಪ ಮುಖ ಊದಿಸಿಕೊಂಡರು. ಅಂಕಿ ಕುಣಿಯುತ್ತಿತ್ತು. ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಅದನ್ನೇ ನೋಡಿದೆ. ರಾತ್ರಿ ಉಳಿಯುವ ಅಕ್ಕನಿಗೆ ಏನೂ ಹೇಳಲಿಲ್ಲ. ಸುಮ್ಮನೆ ಗಾಬರಿ ಬೀಳುತ್ತಾಳೆ.

ಮಾರ್ಚ್ ೧೪, ಮಧ್ಯಾಹ್ನ — ಟ್ಯಾಕ್ಸಿಯಲ್ಲಿ

ಫೋನು ಕಿವಿಯಲ್ಲೇ ಇದೆ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಆಫೀಸಿನಲ್ಲಿದ್ದಾಗ ಅಕ್ಕ ಫೋನ್ ಮಾಡಿದಳು. ಬೆಳಗಿನ ಪಾಳಿಗೆ ಹೊಸ ನರ್ಸ್ ಬಂದರಂತೆ. ಅಪ್ಪ ಹಟ ಹಿಡಿದು ಪೂರ್ತಿ ಹೆಸರು ಹಾಕಿಸಿದರಂತೆ. ಒಂದೊಂದೇ ಅಕ್ಷರ ಹೇಳಿಕೊಟ್ಟರಂತೆ. ಆಮೇಲೆ ಖುಷಿಯಾಗಿ ಮಲಗಿದರಂತೆ. ಹೇಳುತ್ತಾ ನಗುತ್ತಿದ್ದಳು.

"ಆರಾಮಾಗಿ ನಿದ್ದೆ ಮಾಡ್ತಿದ್ದಾರೆ ಕಣೇ. ತೊಂಬತ್ತೈದು. ಆಗ್ಲಿಂದ ಒಂಚೂರೂ ಅಲ್ಲಾಡಿಲ್ಲ."

ಅಪ್ಪನ ಬೆರಳಿನ ಕ್ಲಿಪ್ ತೆಗಿ ಎಂದೆ. ಎದ್ದುಬಿಡ್ತಾರೆ ಎಂದು ಬೈದಳು. ತೆಗಿಯೇ ಎಂದೆ. ಅಷ್ಟರಲ್ಲಿ ಬೀದಿಗೆ ಬಂದಿದ್ದೆ.

"ತೆಗ್ದೆ... ತೊಂಬತ್ತೈದೇ ಇದೆಯಲ್ಲೇ?"

ಅಪ್ಪನನ್ನು ಎಬ್ಬಿಸು, ನರ್ಸನ್ನು ಕೂಗು ಎಂದೆ. ಫೋನು ಮಂಚದ ಮೇಲೆ ಬಿದ್ದ ಸದ್ದು. ಅಕ್ಕ ಅಪ್ಪಾ ಎನ್ನುತ್ತಿದ್ದಾಳೆ. ಮತ್ತೆ ಅಪ್ಪಾ. ಓಡಿ ಬರುವ ಚಪ್ಪಲಿ ಸದ್ದು. ನರ್ಸ್ ಬಂದರು. ಅವರೂ ಕರೆಯುತ್ತಿದ್ದಾರೆ, ಪರದೆಯ ಮೇಲಿನ ಹೆಸರು ಓದಿಕೊಂಡು. ಪೂರ್ತಿ ಹೆಸರು. ಊರು... ಅಜ್ಜ...