ಪ್ಲಮ್ ತೋಟದಲ್ಲಿ ಉಳಿದುಕೊಂಡ ಕಾಡು ಪೀಚ್

ಹಣ್ಣು ಸಂಶೋಧನಾ ತೋಟದ ಮುಖ್ಯಸ್ಥರೇ,

ಬೇರು ಕೊಳೆಯುವ ರೋಗ ಹರಡೀತೆಂದು ನನ್ನ ಹೊಲದಲ್ಲಿ ಬದುಕಿರುವ ಒಂದೇ ಗಿಡವನ್ನೂ ಕಿತ್ತು ಸುಡಬೇಕೆಂದು ತಮ್ಮ ಕಚೇರಿ ಅಪ್ಪಣೆ ಮಾಡಿದೆ. ಸತ್ತವನ್ನೆಲ್ಲ ಕಿತ್ತಾಯಿತು, ಬದುಕಿರುವುದನ್ನು ಕೀಳಲಾರೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು ಧೈರ್ಯದಿಂದಲ್ಲ. ಈ ಗಿಡದ ದೆಸೆಯಿಂದ ನನ್ನ ಮಾನ ಊರಿನಲ್ಲಿ ಆಗಲೇ ಬಹಿರಂಗವಾಗಿದೆ.

ಗೆಟ್ಟವಾಡಿಯಲ್ಲಿ ಪ್ಲಮ್ ಬೆಳೆಯುತ್ತೇನೆಂದು ಹೊರಟ ಮೊದಲ ಮಹಾಶಯ ನಾನೇ. ಕಸಿ ಗಿಡಗಳನ್ನು ತಂದದ್ದು ತಮ್ಮ ತೋಟದಿಂದಲೇ. ಕೆಳಗೆ ಬೀಜದಿಂದ ಬೆಳೆಸಿದ ಕಾಡು ಪೀಚಿನ ಬೇರು, ಅದರ ಮೇಲೆ ಪ್ಲಮ್ ಕೊಂಬೆ ಎಂದು ತಮ್ಮ ಸಿಬ್ಬಂದಿ ವಿವರಿಸಿದಾಗ ವಿದ್ವಾಂಸನಂತೆ ತಲೆಯಾಡಿಸಿದೆ. ಕಿವಿಗೆ ಬಿದ್ದದ್ದು ಪ್ಲಮ್ ಒಂದೇ. ನೆಟ್ಟದ್ದಾದರೂ ಎಲ್ಲಿ? ಗಿಡಗಳಿಗೆ ಬಾಯಾರದಿರಲೆಂದು ನೀರು ನಿಲ್ಲುವ ತಗ್ಗಿನಲ್ಲಿ! ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಕೊಳೆತು ಒಂದೊಂದಾಗಿ ಒಣಗಿದವು. ಒಂದರ ತಲೆಯನ್ನು ಮಾತ್ರ ಕಡವೆ ಮೇಯ್ದಿತ್ತು. ಅದು ಬುಡದಿಂದ ಚಿಗುರಿ ಬೆಳೆದು ಈ ವರ್ಷ ಹಣ್ಣು ಬಿಟ್ಟಿತು.

ಹಣ್ಣಿನ ಮೈಯೆಲ್ಲ ನವಿರಾದ ರೋಮ. ಹೊಸ ತಳಿಯೆಂದು ಮನೆಮನೆಗೆ ಹಂಚಿದೆ. ನನ್ನ ಹೆಂಡತಿ ಶಿವರಂಜನಿ ಒಂದನ್ನು ಕಚ್ಚಿ ಕೆಳಗಿಟ್ಟು, “ಪ್ಲಮ್‌ಗೆ ಮೀಸೆ ಬಂದದೆ ಕಣಿ. ಇದ ಯಾರ್ಗೂ ಕೊಡ್ಬೇಡಿ,” ಅಂದಳು. ಅಷ್ಟರಲ್ಲಿ ಕೊಟ್ಟಾಗಿತ್ತು.

ನೋಡಲು ಬಂದ ತಮ್ಮ ಅಧಿಕಾರಿ ಬಹಳ ನಕ್ಕರು. ಕಡವೆ ತಿಂದದ್ದು ಪ್ಲಮ್ಮನ್ನು, ಉಳಿದದ್ದು ಬರೀ ಬೇರುಗಿಡ, ಅಂದರೆ ಕಸಿಯ ಕೆಳಗಿದ್ದ ಕಾಡು ಪೀಚು ಎಂದರು. ನಾನೂ ನಕ್ಕೆ. ಅವರ ಜೀಪು ಹೋದಮೇಲೆ ಯೋಚನೆ ಹತ್ತಿತು. ಅದೇ ತಗ್ಗು, ಅದೇ ನೀರು, ಅದೇ ರೋಗ. ಇದೊಂದರ ಬೇರು ಏಕೆ ಕೊಳೆಯಲಿಲ್ಲ? ರೋಗ ತಡೆಯುವ ಬೇರುಗಿಡದ ತಳಿ ಬೆಳೆಸುವುದಕ್ಕೆಂದೇ ಅಲ್ಲವೇ ತಮ್ಮ ತೋಟ ಇರುವುದು? ಅಂಥದ್ದು ನನ್ನ ಹೊಲದಲ್ಲಿ ಎದ್ದರೆ ಅದು ಕಳೆಯೇ?

ಪರೀಕ್ಷಿಸೋಣವೆಂದು ನಾನೇ ಬೇರೆಡೆಯಿಂದ ಪ್ಲಮ್ ಕೊಂಬೆ ತರಿಸಿ, ಅದರ ಚಿಗುರುವ ಕಣ್ಣೊಂದನ್ನು ಇದರ ತೊಗಟೆ ಸೀಳಿ ಕೂರಿಸಿದೆ, ತಲೆಕೆಳಗಾಗಿ. ಒಣಗಿತು. ಶಿವರಂಜನಿ ಇನ್ನೊಂದು ಕೂರಿಸಿದಳು; ಹಿಡಿಯಿತು. ಮಣ್ಣು ಒತ್ತುತ್ತ, “ಬೇರು ಗಟ್ಟಿಯಾಗೇ ಅದೆ. ಕಿತ್ತಾಕ್ಬುಟ್ರೆ ಇನ್ನೊಂದ ಎಲ್ಲಿಂದ ತರೋದು?” ಅಂದಳು. ಆ ಪ್ರಶ್ನೆಗೆ ಉತ್ತರ ತಮ್ಮಲ್ಲಿದೆಯೇ?

ಆದ್ದರಿಂದ ಅಪ್ಪಣೆಯನ್ನು ಹಿಂದಕ್ಕೆ ಪಡೆಯಿರಿ. ಬಂದು ಕೊಂಬೆ ಕಡಿದುಕೊಂಡು ಹೋಗಿ, ಬೇರು ಬರಿಸಿ, ರೋಗದ ಮಣ್ಣಿನಲ್ಲೇ ನೆಟ್ಟು ನೋಡಿ. ಕೊಳೆತರೆ ತಾಯಿಗಿಡವನ್ನು ನಾನೇ ಕೀಳುತ್ತೇನೆ. ಕೊಳೆಯದಿದ್ದರೆ ತಮ್ಮ ಉತ್ತಮ ತಳಿಗಳೊಂದಿಗೆ ಸಂಕರ ಮಾಡಿ, ತಮ್ಮ ಹೆಸರನ್ನೇ ಇಟ್ಟುಕೊಳ್ಳಿ. ನನ್ನ ಹೆಸರಿಟ್ಟರೆ ಈ ಸೀಮೆಯಲ್ಲಿ ಯಾರೂ ನೆಡುವುದಿಲ್ಲ.

ಇಂತಿ,
ಇನ್ನೂ ರೈತನೆಂದೇ ಹೇಳಿಕೊಳ್ಳುತ್ತಿರುವ
ಸೋಮಶೇಖರ್
ಗೆಟ್ಟವಾಡಿ, ತಾಳವಾಡಿ ತಾಲ್ಲೂಕು