ಓರೆ ಬಿಸಿಲಿನ ಮುಖ

ನೋಫ್ರಿ,

ನಮ್ಮ ಫ್ಲಾರೆನ್ಸಿನ ಇಗರ್ಜಿಯಲ್ಲಿ ನೀನು ಕೆತ್ತಿಟ್ಟು ಹೋದ ಮೇರಿಯಮ್ಮನ ಉಬ್ಬುಶಿಲ್ಪವನ್ನು ಅಚ್ಚಿಗಾಗಿ ತಾಮ್ರದ ತಗಡಿನ ಮೇಲೆ ಗೀರಿ ಮುಗಿಸಿದೆ. ಗೀರುತ್ತಿದ್ದಾಗ, ಸಂಜೆಯ ಓರೆ ಬಿಸಿಲಿಗೆ ಮಾತ್ರ, ಕಲ್ಲಿನಲ್ಲಿ ದೇವದೂತರ ಹಿಂದೆ, ಕೂದಲೆಳೆಯಷ್ಟು ಉಬ್ಬಿದ ಒಂದು ಹೆಣ್ಣುಮುಖ ಕಾಣಿಸಿತು. ಹುಬ್ಬಿನ ಮೇಲಿದ್ದ ಗಾಯದ ಗುರುತು ನನ್ನದೇ. ಅವಳನ್ನೂ ತಗಡಿಗೆ ಇಳಿಸಿದೆ.

ಇವತ್ತು ಅಚ್ಚಾದ ಮೊದಲ ಹಾಳೆ ನೋಡಿ ಪಾದ್ರಿ ಲಾಪೊ ಸಿಡುಕಿದರು: “ಏನಮ್ಮ ಜಿನೆವ್ರಾ, ಇವಳ್ಯಾರು? ಕಲ್ಲಲ್ಲಿ ಇಲ್ಲದೋಳ್ನ ತಂದು ನಿಲ್ಲಿಸಿದೀಯಲ್ಲ!”

“ಇದಾಳೆ ಸ್ವಾಮಿ. ನೀವು ನೋಡೋದು ಬೆಳಗ್ಗೆ, ಅದಕ್ಕೇ ಕಾಣಲ್ಲ.”

“ನಂಗೇ ಹೇಳ್ಕೊಡ್ತೀಯಾ? ಅಳಿಸು.”

ಅಳಿಸಲಿಲ್ಲ. ಕಾಗದಕ್ಕೆ ಉಬ್ಬಿಲ್ಲ, ಬಿಸಿಲಿನ ಹಂಗೂ ಇಲ್ಲ. ಮಸಿ ಹಿಡಿಯುವಂತೆ ಆ ಮುಖವನ್ನು ಇನ್ನಷ್ಟು ಆಳವಾಗಿ ಗೀರಿದೆ. ಅಷ್ಟು ಮೆಲ್ಲಗೆ ಕೆತ್ತಿದರೆ ಯಾರಿಗೆ ಗೊತ್ತಾಗಬೇಕು, ಮಾರಾಯ? ನೀನು ಬದುಕಿದ್ದಷ್ಟು ಕಾಲವೂ ನಾನು ಬರುತ್ತಿದ್ದುದು ಬೆಳಗಿನ ಪೂಜೆಗೇ.