ಕತ್ತರಿಗಾಗಿ ಕಾಯುತ್ತಿರುವ ದೋಣಿ

ಮಾನ್ಯ ಸೆನೆಟರ್ ಅವರೇ,

ನಮ್ಮ ಬಿನುಲಾನ್ ದ್ವೀಪದ ರೋಗಿಗಳನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಲೆಂದು ತಾವು ಕೊಡಿಸಿದ ಆಂಬುಲೆನ್ಸ್ ದೋಣಿ ಜೂನ್ ತಿಂಗಳಿಂದ ಪಟ್ಟಣದ ಜೆಟ್ಟಿಯಲ್ಲೇ ನಿಂತಿದೆ. ಎಂಜಿನ್ ಕೆಟ್ಟಿಲ್ಲ. ಎಣ್ಣೆಗೆ ಬರವಿಲ್ಲ. ನಡೆಸಲು ಜನರಿದ್ದಾರೆ. ಅದರ ಮೂತಿಗೆ ಅಡ್ಡಲಾಗಿ ಒಂದು ಕೆಂಪು ರಿಬ್ಬನ್ ಕಟ್ಟಿದೆ, ಅದನ್ನು ಕತ್ತರಿಸಲು ತಮಗೆ ಪುರುಸೊತ್ತಾಗಿಲ್ಲ. ನನ್ನ ದೂರು ಇಷ್ಟೇ. ಇದರ ಮುಂದೆ ನಾನು ಏನೇ ಬರೆದರೂ ಅದು ಹೊಟ್ಟೆಯ ಸಂಕಟ.

ಪತ್ರ ಬರೆಯುವುದು ನನಗೆ ಹೊಸತಲ್ಲ. ಶಾಲೆ ಕಂಡವಳಲ್ಲ ನಾನು. ಅಂಗಡಿಯವರು ಸಾಮಾನು ಕಟ್ಟಿಕೊಡುತ್ತಿದ್ದ ಹಳೇ ಪತ್ರಿಕೆಗಳನ್ನು ಒಲೆಯ ಬೆಳಕಿಗೆ ಹಿಡಿದು ಅಕ್ಷರ ಕೂಡಿಸಲು ಕಲಿತವಳು. ಹಾಂಗ್‌ಕಾಂಗಿನಲ್ಲಿ ಪರರ ಮಕ್ಕಳನ್ನು ಸಾಕುವ ತಂಗಿಗೆ, ಹಡಗಿನಲ್ಲಿ ಬಣ್ಣ ಬಳಿಯುವ ಅಳಿಯನಿಗೆ ಬರೆದು ಬರೆದು ಕೈ ಪಳಗಿತು. ನನ್ನ ಪತ್ರಗಳೆಲ್ಲ 'ಊಟ ಆಯಿತಾ, ಮೈ ಹುಷಾರಾ' ಎಂದೇ ಶುರುವಾಗುತ್ತವೆ. ನಿಮಗೂ ಹಾಗೆಯೇ ಬರೆಯಬಹುದಿತ್ತು. ದ್ವೀಪಕ್ಕೆಲ್ಲ ಲೋಲಾ, ಅಂದರೆ ಅಜ್ಜಿ ಆಗಿರುವ ನಾನು ನಿಮಗೊಬ್ಬರಿಗೆ ನಿನಾಂಗ್. ಇಗರ್ಜಿಯಲ್ಲಿ ನಿಮ್ಮ ನೆತ್ತಿಗೆ ಪವಿತ್ರ ನೀರು ಬಿದ್ದಾಗ ನಿಮ್ಮನ್ನು ಎತ್ತಿಕೊಂಡು ನಿಂತ ಧರ್ಮತಾಯಿ. ಆದರೆ ಹಾಗೆ ಮನೆಮಾತಿನಲ್ಲಿ ಬರೆದ ಎರಡು ಪತ್ರಗಳಿಗೆ ನಿಮ್ಮ ಕಚೇರಿಯಿಂದ ಬಂದ ಉತ್ತರ ಎರಡು ಕ್ಯಾಲೆಂಡರ್. ಹನ್ನೆರಡು ತಿಂಗಳಲ್ಲೂ ನಿಮ್ಮದೇ ನಗುಮುಖ. ಆದ್ದರಿಂದ ಈ ಪತ್ರದ ಕಾಲಿಗೆ ಚಪ್ಪಲಿ ತೊಡಿಸಿದ್ದೇನೆ. ಒಂದು ಪ್ರತಿ ಇಗರ್ಜಿಯ ಬಾಗಿಲಿಗೆ, ಇನ್ನೊಂದು ಪಟ್ಟಣದ ರೇಡಿಯೊಗೆ. ಮನೆಮಾತು ಕೇಳಿಸದ ಕಿವಿಗೆ ಊರಮಾತಾದರೂ ಕೇಳಿಸೀತು.

ಈಗ ಹಳೆಯದನ್ನು ಸ್ವಲ್ಪ ನೆನಪಿಸುತ್ತೇನೆ. ತಮಗೆ ಭಾಷಣ ಬರೆದುಕೊಡುವ ಹುಡುಗರಿಗೆ ಇದು ಗೊತ್ತಿರಲಾರದು.

ತಾವು ಮೊದಲು ನಮ್ಮ ಊರಿನ, ನಮ್ಮ ಪುಟ್ಟ ಬಾರಂಗಾಯಿನ, ಮುಖ್ಯಸ್ಥರಾದಿರಿ, ಅಂದರೆ ಕ್ಯಾಪ್ಟನ್. ಕಚೇರಿಯೆಂದರೆ ಒಂದು ತೆಂಗಿನ ಗರಿಯ ಚಪ್ಪರ, ಒಂದು ಬೆಂಚು. ಆ ವರ್ಷ ನೈಋತ್ಯದ ಗಾಳಿ ಎದ್ದ ದಿನಗಳಲ್ಲೇ ನನ್ನ ತಮ್ಮ ಒಲಿಂಪ್ಯೊನ ಹೆಂಡತಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಅಲೆ ದೊಡ್ಡದಿದ್ದುದರಿಂದ ದೋಣಿ ದಡಕ್ಕೆ ಬರುವಂತಿರಲಿಲ್ಲ. ಆಗ ತಾವು ಏನು ಮಾಡಿದಿರಿ? ಸಮಿತಿ ರಚಿಸಿದಿರಾ? ಬ್ಯಾನರ್ ಕಟ್ಟಿಸಿದಿರಾ? ಅವಳನ್ನು ಜೋಲಿಯಲ್ಲಿ ಮಲಗಿಸಿ, ಜೋಲಿಯ ಬಿದಿರನ್ನು ಹೆಗಲಿಗಿಟ್ಟುಕೊಂಡು, ಎದೆಮಟ್ಟದ ನೀರಿಗೆ ಇಳಿದು ದೋಣಿಯವರೆಗೆ ಹೊತ್ತಿರಿ. ಹಿಂದಿನ ತುದಿ ಒಲಿಂಪ್ಯೊನ ಹೆಗಲಲ್ಲಿ, ಮುಂದಿನದು ನಿಮ್ಮಲ್ಲಿ. ದೋಣಿಯಲ್ಲಿ ನಾನೂ ಇದ್ದೆ. ದ್ವೀಪದಲ್ಲಿ ಹುಟ್ಟಿದರೂ ನಿಮಗೆ ಸಮುದ್ರ ಆಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಮುಖ ಹಸಿರಾಗಿ, ಬೇರೇನೂ ಸಿಕ್ಕದೆ, ಒಲಿಂಪ್ಯೊನ ಓಲೆಟೋಪಿಯಲ್ಲಿ ವಾಂತಿ ಮಾಡಿದಿರಿ. ಅಷ್ಟು ನೋವಿನಲ್ಲೂ ಅವನ ಹೆಂಡತಿ ನಕ್ಕುಬಿಟ್ಟಳು.

"ಹೆರೋದು ನಾನಾ, ಕ್ಯಾಪ್ಟನ್ನಾ?"

"ನಗಬೇಡ ಕಣಮ್ಮ, ನಗಿಸಬೇಡ, ಇನ್ನೂ ಬರ್ತಾ ಇದೆ!" ಎಂದಿರಿ ತಾವು.

ಒಲಿಂಪ್ಯೊ ಟೋಪಿಯನ್ನು ಅಲೆಗೆ ಎಸೆದ. "ಹೋಗ್ಲಿ ಬಿಡಿ ಕ್ಯಾಪ್ಟನ್. ನಿಮಗೆ ಸಮುದ್ರ ಆಗಲ್ಲ. ನಿಮ್ಮನ್ನ ಪಟ್ಟಣಕ್ಕೇ ಕಳಿಸಿಬಿಡ್ತೀವಿ, ಮೇಯರ್ ಮಾಡಿ."

ತಾಯಿ, ಮಗು ಇಬ್ಬರೂ ಉಳಿದರು. ಮಗುವಿಗೆ ನಿಮ್ಮ ಹೆಸರನ್ನೇ ಇಟ್ಟರು. ಅದಕ್ಕೇ ಅವನ ಹೆಸರನ್ನು ಈ ಪತ್ರದಲ್ಲಿ ಬರೆಯುತ್ತಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತು ತಾವು, "ನಿನಾಂಗ್, ನನ್ನ ಕೈಯಲ್ಲಿ ಅಧಿಕಾರ ಬಂದ್ರೆ ಮೊದಲು ಮಾಡೋ ಕೆಲಸ ಇದೇ. ರೋಗಿಗಳಿಗೆ ಅಂತಲೇ ಒಂದು ದೋಣಿ," ಎಂದಿರಿ. ಎಂದು ನನ್ನ ಬಲಗೈ ಹಿಡಿದು, ಹಿರಿಯರಿಗೆ ನಾವು ಮಾಡುವ ಹಾಗೆ, ಹಣೆಗೆ ಒತ್ತಿಕೊಂಡಿರಿ. ಹಣೆ ತಣ್ಣಗಿತ್ತು, ಉಪ್ಪುಪ್ಪಾಗಿತ್ತು. ಆಗ ನಿಮಗೆ ಅಧಿಕಾರ ಕಡಿಮೆ ಇತ್ತು ಸೆನೆಟರ್ ಅವರೇ, ಹೆಗಲು ಇತ್ತು.

ಮಾತಿಗೆ ತಪ್ಪದೆ ನಿಮ್ಮನ್ನು ಮೇಯರ್ ಮಾಡಿದೆವು. ಒಲಿಂಪ್ಯೊ ತನ್ನ ದೋಣಿಗೆ ಧ್ವನಿವರ್ಧಕ ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ನಿಮ್ಮ ಹಾಡು ಹಾಕುತ್ತಾ ತಿರುಗಿದ. ಮೇಯರ್ ಆದಮೇಲೆ ತಾವು ಕಟ್ಟಿಸಿದ್ದು ಸೂರು ಹಾಕಿದ ಬಾಸ್ಕೆಟ್‌ಬಾಲ್ ಅಂಗಣ. ಸೂರಿನ ಮೇಲೆ ನಿಮ್ಮ ಹೆಸರು, ಮೇಲೆ ಹಾರುವ ವಿಮಾನದವರಿಗೂ ಕಾಣುವಷ್ಟು ದೊಡ್ಡದು. ದೋಣಿಯ ವಿಷಯ ಕೇಳಿದರೆ, "ಅದು ಪುರಸಭೆಯ ಶಕ್ತಿಗೆ ಮೀರಿದ್ದು ನಿನಾಂಗ್, ಅದಕ್ಕೆ ದೇಶದ ಸಂಸತ್ತಿನಲ್ಲಿ ಕೂರೋ ಕಾಂಗ್ರೆಸ್ ಸದಸ್ಯ ಬೇಕು," ಎಂದಿರಿ. ಕಾಂಗ್ರೆಸ್‌ಗೂ ಕಳಿಸಿದೆವು. ಆಗ, "ಇಂಥದಕ್ಕೆ ಸೆನೆಟ್ ಬೇಕು," ಎಂದಿರಿ. ಸೆನೆಟ್‌ಗೂ ಕಳಿಸಿದೆವು. ಒಂದು ದೋಣಿ ನೀರಿಗಿಳಿಸಲು ಒಬ್ಬ ಮನುಷ್ಯನನ್ನು ಎಷ್ಟು ಎತ್ತರಕ್ಕೆ ಏರಿಸಬೇಕು? ಏಣಿ ಏರುವವರು ಕೆಳಗಿನ ಮೆಟ್ಟಿಲನ್ನು ಹಿಂದಿನವರಿಗೆ ಬಿಡುತ್ತಾರೆ. ತಾವು ಬಿಟ್ಟ ಪ್ರತಿ ಮೆಟ್ಟಿಲ ಮೇಲೂ ತಮ್ಮ ಮನೆಯವರೇ ಇದ್ದಾರೆ. ಕುರ್ಚಿಯ ಬಿಸಿ ಆರುವ ಮೊದಲೇ ಮೇಯರ್ ಜಾಗದಲ್ಲಿ ಶ್ರೀಮತಿಯವರು ಕೂತರು, ಕಾಂಗ್ರೆಸ್ಸಿನಲ್ಲಿ ಸಹೋದರರು ಕೂತರು. ಕೆಳಗೆ ನೀರಿನಲ್ಲಿ ನಿಂತು ಏಣಿ ಹಿಡಿದುಕೊಂಡಿರುವ ಕೆಲಸಕ್ಕೆ ಮಾತ್ರ ತಮ್ಮ ಮನೆಯವರು ಯಾರೂ ಅರ್ಜಿ ಹಾಕಲಿಲ್ಲ. ಅದು ನಮಗೇ ಉಳಿಯಿತು.

ಅಷ್ಟರಲ್ಲಿ ಒಬ್ಬ ಧರ್ಮತಾಯಿಯ ಮಗ ಊರಿಗೆಲ್ಲ ಧರ್ಮತಂದೆಯಾದ. ಯಾವ ಮದುವೆ ಆಗಲಿ, ಯಾವ ಕೂಸಿನ ನಾಮಕರಣವಾಗಲಿ, ನಿನೊಂಗ್ ಎಂದು ತಮ್ಮದೇ ಹೆಸರು. ಮಕ್ಕಳಿಗೆ ಒಂದು ಪೊಟ್ಟಣ ಅಕ್ಕಿ, ನಾಲ್ಕು ಡಬ್ಬಿ ಮೀನು, ಒಂದು ಫೋಟೋ. ಧರ್ಮತಂದೆಗೆ ವಿರುದ್ಧ ಮತ ಹಾಕುವುದುಂಟೇ? ಪಾಪ ಬಂದೀತು!

ಆ ನಮಸ್ಕಾರವೂ ತಮ್ಮ ಜೊತೆ ಮೇಲೇರಿತು. ಮೇಯರ್ ಆಗಿದ್ದಾಗ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಿರಿ. ಕ್ಯಾಮೆರಾದವನಿಗೆ ಅದು ಸಿಗಲಿಲ್ಲವೆಂದು ಮತ್ತೊಮ್ಮೆ ಒತ್ತಿಕೊಂಡಿರಿ. ಕಾಂಗ್ರೆಸ್ ಸದಸ್ಯರಾಗಿದ್ದಾಗ, ಕೈ ಬಿಟ್ಟ ಕೂಡಲೇ ಪಕ್ಕದಲ್ಲಿದ್ದ ಹುಡುಗಿ ತಮಗೊಂದು ಒದ್ದೆ ಕಾಗದದ ಒರಸು ಕೊಟ್ಟಳು. ತಪ್ಪೇನಿಲ್ಲ, ಒಣಮೀನು ಹರವುವ ಕೈ ನಾರುತ್ತದೆ. ಸೆನೆಟ್ ಚುನಾವಣೆಯಲ್ಲಿ ನಮ್ಮನ್ನು, ಮುದುಕಿಯರನ್ನು, ಸಾಲಾಗಿ ನಿಲ್ಲಿಸಿದ್ದರು. ನಾನು ಕೈ ಚಾಚಿದೆ. ಕಪ್ಪು ಕನ್ನಡಕದವನೊಬ್ಬ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ಇವರು ಬೇಡ, ಆ ಕಡೆಯ ಅಜ್ಜಿ ಬರಲಿ, ಹಲ್ಲಿಲ್ಲ, ಫೋಟೋಗೆ ಚೆನ್ನಾಗಿರ್ತಾರೆ," ಎಂದ. ನನ್ನ ಬಾಯಲ್ಲಿ ಇನ್ನೂ ಹಲ್ಲುಗಳಿರುವುದು ನಿಮ್ಮ ಪಕ್ಷಕ್ಕೆ ನಷ್ಟವೆಂದು ನನಗೆ ಅಂದೇ ತಿಳಿದದ್ದು.

ಇರಲಿ. ದೋಣಿ ಬಂತು. ಬೆಳ್ಳಗೆ, ಅಂದವಾಗಿದೆ. ಒಳಗೆ ಹಾಸಿಗೆಯಿದೆ, ಆಮ್ಲಜನಕವಿದೆ. ಪಕ್ಕದಲ್ಲಿ ಆಸ್ಪತ್ರೆಯ ಗುರುತಿಗಿಂತ ದೊಡ್ಡದಾಗಿ ತಮ್ಮ ಮುಖವಿದೆ. ಇಷ್ಟು ವರ್ಷದ ಮೇಲೆ ಬಂದರೂ ನಾವು ಜೆಟ್ಟಿಯಲ್ಲಿ ಕೈತಟ್ಟಿದೆವು. ಉದ್ಘಾಟನೆ ಜೂನ್‌ನಲ್ಲಿ ಎಂದರು. ಆಮೇಲೆ ಸೆನೆಟ್ ಅಧಿವೇಶನವಿದೆ ಎಂದರು. ಆಮೇಲೆ ತಾವು ಯಾರದೋ ಮದುವೆಗೆ ಧರ್ಮತಂದೆಯಾಗಿ ಹೋಗಬೇಕಾಯಿತು. ಆಮೇಲೆ ವಿದೇಶ ಪ್ರವಾಸ. ಬಿಸಿಲಿಗೆ ರಿಬ್ಬನ್ ಮಾಸಿತೆಂದು ಎರಡು ಸಲ ಹೊಸದು ಕಟ್ಟಿದ್ದಾರೆ. ನೀರಿನೊಳಗೆ ದೋಣಿಯ ಹೊಟ್ಟೆಗೆ ಚಿಪ್ಪುಗಳು ಅಂಟಿಕೊಂಡು ಬೆಳೆಯುತ್ತಿವೆ. ಅವು ಉದ್ಘಾಟನೆಗೆ ಕಾಯಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಒಲಿಂಪ್ಯೊ ಬಲೆ ಹೊಲಿಯುತ್ತಾ ಕೂತಿದ್ದ. ನಾನು ಕಾಫಿ ಕೊಟ್ಟೆ. ಬಟ್ಟಲು ಕೈಯಿಂದ ಜಾರಿತು. "ಏನೋ, ನಿನ್ನೆ ಕಳ್ಳು ಜಾಸ್ತಿ ಆಯ್ತೇನೋ?" ಎಂದು ಗದರಿದೆ. ತಲೆಯೆತ್ತಿದ. ಬಾಯಿ ಒಂದು ಕಡೆಗೆ ಎಳೆದಿತ್ತು.

ಮೇಯರ್ ಕಚೇರಿಗೆ ಫೋನು ಮಾಡಿದೆ. ಫೋನು ಎತ್ತಿದ ಹುಡುಗಿ ಒಳ್ಳೆಯವಳು, ಅವಳನ್ನು ದೂರುವುದಿಲ್ಲ.

"ದೋಣಿ ಇದೆ ಲೋಲಾ. ಆದ್ರೆ ಇನ್ನೂ ಉದ್ಘಾಟನೆ ಆಗಿಲ್ಲ."

"ಉದ್ಘಾಟನೆ ಆಗದ ದೋಣಿ ತೇಲಲ್ವಾ ಮಗಳೇ?"

"ಹಾಗಲ್ಲ ಲೋಲಾ... ರಿಬ್ಬನ್ ಇದೆ. ಸೆನೆಟರ್ ಬರೋಕೆ ಮುಂಚೆ ಬಿಚ್ಚಿದ್ರೆ ನಮ್ಮ ಕೆಲಸ ಹೋಗುತ್ತೆ. ಮ್ಯಾಡಮ್‌ನ ಕೇಳ್ತೀನಿ, ಹತ್ತು ನಿಮಿಷ ಇರಿ."

ಆ ಹತ್ತು ನಿಮಿಷ ಇನ್ನೂ ಮುಗಿದಿಲ್ಲ.

ಒಲಿಂಪ್ಯೊನ ಮಗ, ತಮ್ಮ ಹೆಸರಿನವನು, ಅಪ್ಪನನ್ನು ಮೀನಿನ ದೋಣಿಯಲ್ಲಿ ಅಕ್ಕಿಚೀಲಗಳ ಮೇಲೆ ಮಲಗಿಸಿದ. ಗಾಳಿ ಎದುರಿಗಿತ್ತು. ಎಂಜಿನ್ ನಡುನೀರಿನಲ್ಲಿ ಎರಡು ಸಲ ನಿಂತಿತು. ನಾನು ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖಕ್ಕೆ ನೀರು ಸಿಡಿಯದಂತೆ ಒಂದು ಪ್ಲಾಸ್ಟಿಕ್ ಬ್ಯಾನರ್ ಅಡ್ಡ ಹಿಡಿದಿದ್ದೆ. ಅದರಲ್ಲಿ ಯಾರ ಮುಖವಿತ್ತೆಂದು ಕೇಳಬೇಡಿ. ನಮ್ಮಲ್ಲಿರುವ ಬ್ಯಾನರುಗಳೆಲ್ಲ ಒಬ್ಬರದೇ. ಮಧ್ಯಾಹ್ನ ದಾಟಿದ ಮೇಲೆ ಜೆಟ್ಟಿ ಮುಟ್ಟಿದೆವು. ಖಾಲಿಯಿದ್ದ ಜಾಗ ಒಂದೇ, ಆ ಬಿಳೀ ದೋಣಿಯ ಪಕ್ಕ. ಸಾಯುವ ಹಾಗಿದ್ದವನನ್ನು ಹೊತ್ತ ನಮ್ಮ ದೋಣಿ, ಉಳಿಸಲೆಂದೇ ಬಂದ ದೋಣಿಯ ಮೈಗೆ ಮೈ ತಾಗಿಸಿಕೊಂಡು ನಿಂತಿತು.

ಕಾವಲಿಗಿದ್ದವನು ರೋಗೆಲ್ ಎಂಬ ಹುಡುಗ.

"ಒಳಗಿರೋ ಸ್ಟ್ರೆಚರ್ ಆದ್ರೂ ಕೊಡಪ್ಪ," ಎಂದೆ.

"ರಿಬ್ಬನ್ ದಾಟಬಾರದು ಅಂತ ಆರ್ಡರ್ ಇದೆ ಲೋಲಾ. ಸೆನೆಟರ್ ನನ್ನ ನಿನೊಂಗ್. ಅವರಿಗೆ ಬೇಜಾರಾಗುತ್ತೆ."

"ಅವನಿಗೆ ನಾನು ನಿನಾಂಗ್ ಕಣೋ! ಬೇಜಾರು ನಾನು ನೋಡ್ಕೋತೀನಿ."

ರೋಗೆಲ್ ರಿಬ್ಬನ್ ನೋಡಿದ, ಒಲಿಂಪ್ಯೊನ ಮುಖ ನೋಡಿದ. ರಿಬ್ಬನ್ ಮುಟ್ಟುವ ಧೈರ್ಯ ಅವನಿಗೆ ಬರಲಿಲ್ಲ. ಬದಲಿಗೆ ನನ್ನ ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಜೆಟ್ಟಿಯುದ್ದಕ್ಕೂ ಓಡಿದ. ಆ ಓಟದಲ್ಲಿ ನನಗೆ ಹಳೆಯ ಒಬ್ಬ ಕ್ಯಾಪ್ಟನ್ ಕಂಡ. ಈ ಹುಡುಗ ಮೇಯರ್ ಆಗದಿರಲಿ ದೇವರೇ ಎಂದು ಬೇಡಿಕೊಂಡೆ.

"ಸ್ವಲ್ಪ ಬೇಗ ಬಂದಿದ್ದರೆ," ಎಂದರು ವೈದ್ಯರು. ಬೇಗ ಬರಬಾರದೆಂದು ನಮಗೇನಾದರೂ ಹರಕೆಯಿತ್ತೇ? ಒಲಿಂಪ್ಯೊ ಬದುಕಿದ್ದಾನೆ. ಬಲಗೈ, ಬಲಗಾಲು ಬದುಕಿಲ್ಲ. ಬಲೆಯಿಂದ ತೆಗೆದಿಟ್ಟ ಮೀನಿನ ಹಾಗೆ ಆ ಕೈ ಮಡಿಲಲ್ಲಿ ಬಿದ್ದಿರುತ್ತದೆ. ನಿಮ್ಮ ಹೆಸರು ಕೂಗಿಕೊಂಡು ದ್ವೀಪ ಸುತ್ತಿದ ಬಾಯಿಗೆ ಈಗ ಒಂದು ಮಾತು ಹೊರಡಿಸಲು ನಾಲ್ಕು ಸಲ ಏದುಸಿರು ಬೇಕು. ತಮಗೆ ಪತ್ರ ಬರೆಯುತ್ತೇನೆ, ಏನು ಹೇಳಲಿ ಎಂದು ಕೇಳಿದೆ. ತುಂಬ ಹೊತ್ತು ಒದ್ದಾಡಿ, ಅರ್ಧ ಬಾಯಲ್ಲಿ, "ಟೋಪಿ... ವಾಪಸ್... ಕೊಡು ಅನ್ನು," ಎಂದ. ಎಂದು ನಕ್ಕ. ಆ ನಗು ನೋಡಲು ತಾವಿರಬೇಕಿತ್ತು.

ಅವನ ವಿಷಯ ಮುಗಿಯಿತು. ಹೋದ ಕೈಗೆ ಸೆನೆಟ್ಟೂ ಜೀವ ತುಂಬಲಾರದು. ನಾನು ಈಗ ಅಂಜುವುದು ಬೇರೊಂದಕ್ಕೆ. ತಾವು ಅಂದು ನೀರಿನಲ್ಲಿ ಹೊತ್ತ ಹೊಟ್ಟೆಯೊಳಗಿದ್ದ ಮಗನಿಗೆ ಮದುವೆಯಾಗಿದೆ. ಅವನ ಹೆಂಡತಿ ಜೆನಲಿನ್‌ಗೆ ಡಿಸೆಂಬರ್ ಮೊದಲಲ್ಲಿ ದಿನ ತುಂಬುತ್ತದೆ. ಮಗು ಅಪ್ಪನ ಹಾಗೆಯೇ ಅಡ್ಡ ಮಲಗಿದೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂದಿದ್ದಾರೆ ಸೂಲಗಿತ್ತಿ. ಆಗ ಈಶಾನ್ಯದ ಗಾಳಿ ಜೋರಾಗಿರುತ್ತದೆ. ಜೆನಲಿನ್ ದಿನಾ ಸಂಜೆ ದಡಕ್ಕೆ ಹೋಗಿ ಆಚೆ ಪಟ್ಟಣದ ಕಡೆ ನೋಡಿ ಬರುತ್ತಾಳೆ. "ಲೋಲಾ, ಇವತ್ತೂ ಅಲ್ಲೇ ಇದೆ," ಎನ್ನುತ್ತಾಳೆ. ಇಷ್ಟು ದೂರಕ್ಕೆ ದೋಣಿ ಕಾಣುವುದಿಲ್ಲ. ಆದರೂ ಅವಳ ಮಾತು ಸುಳ್ಳಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನವೆಂಬರ್ ಮೊದಲಲ್ಲಿ ಬರುವ ಸತ್ತವರ ಹಬ್ಬ ಕಳೆದ ಮೊದಲ ಭಾನುವಾರದೊಳಗೆ ಆ ರಿಬ್ಬನ್ ಬಿಚ್ಚಿಸಿ. ತಾವೇ ಬರಬೇಕಾಗಿಲ್ಲ, ಒಂದು ಫೋನು ಸಾಕು. ಹಬ್ಬದ ದಿನ ನಿಮ್ಮ ತಾಯಿಯ ಸಮಾಧಿಗೆ ಪ್ರತಿ ವರ್ಷದಂತೆ ನಾನೇ ಸುಣ್ಣ ಹೊಡೆದು ಮೇಣದಬತ್ತಿ ಹಚ್ಚುತ್ತೇನೆ, ಆ ಚಿಂತೆಯೂ ಬೇಡ. ಫೋನು ಬರದಿದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ಬಿನುಲಾನಿನ ದೋಣಿಗಳೆಲ್ಲ ಜೆಟ್ಟಿಗೆ ಬರುತ್ತವೆ. ಉದ್ಘಾಟನೆ ನಾವೇ ಮಾಡುತ್ತೇವೆ. ಕತ್ತರಿ ಹಿಡಿಯುವವನು ಒಲಿಂಪ್ಯೊ. ಎಡಗೈಯಲ್ಲಿ ಬಲೆಯ ದಾರ ಕತ್ತರಿಸಿ ಅಭ್ಯಾಸ ಮಾಡುತ್ತಿದ್ದಾನೆ, ದಿನೇದಿನೇ ಕೈ ಕೂಡಿ ಬರುತ್ತಿದೆ. ಪೊಲೀಸರನ್ನು ಕಳಿಸುವುದಾದರೆ ಕಳಿಸಿ. ಅವರಲ್ಲೂ ಅರ್ಧ ಜನ ತಮ್ಮ ಧರ್ಮಪುತ್ರರೇ, ಊಟ ಹಾಕುತ್ತೇವೆ.

ತಾವೂ ಬರಬಹುದು. ವೇದಿಕೆ ಇರುವುದಿಲ್ಲ, ಕುರ್ಚಿ ಒಂದೇ, ಅದು ಅವನದು. ಹಳೇ ಅಭ್ಯಾಸದಂತೆ ಹಿರಿಯನ ಕೈಯನ್ನು ಹಣೆಗೆ ಒತ್ತಿಕೊಳ್ಳುವ ಮನಸ್ಸಾದರೆ ಒಂದು ಮಾತು ನೆನಪಿಡಿ. ಅವನ ಬಲಗೈ ಈಗ ಮೇಲೇಳುವುದಿಲ್ಲ. ಮಂಡಿ ಜೆಟ್ಟಿಯ ಒದ್ದೆ ಹಲಗೆಗೆ ತಾಗುವವರೆಗೂ ತಾವೇ ಬಗ್ಗಬೇಕಾಗುತ್ತದೆ.

ಇಂತಿ,
ನಿಮ್ಮನ್ನು ಮೊದಲು ಎತ್ತಿ ಹಿಡಿದವಳು, ಇಳಿಸುವುದು ಹೇಗೆಂದು ಇನ್ನೂ ಕಲಿಯುತ್ತಿರುವವಳು,
ಪ್ರಾಕ್ಸೆದೆಸ್ ಮಗ್ದಾಲುಯೊ
ಬಿನುಲಾನ್ ದ್ವೀಪ